ಒಂದು ಫೋಲ್ಡರ್ ಮುಗಿದ ಮೇಲೆ ಮುಂದಿನದಕ್ಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ದಾವಣಗೆರೆಯ ಒಂದು ಫೋಟೊ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತೇನೆ. ಮದುವೆಯ ಫೋಟೊಗಳನ್ನು ಶಾಸ್ತ್ರಕ್ಕೊಂದರಂತೆ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಇಟ್ಟಿರುತ್ತೇವೆ. ಆಲ್ಬಮ್‌ಗೆ ಆರಿಸಲು ಮದುವೆ ಮನೆಯವರು ಬಂದು ಕಂಪ್ಯೂಟರಿನ ಮುಂದೆ ಕುಳಿತಾಗ, ಒಂದು ಫೋಲ್ಡರಿನ ಕೊನೆಯ ಫೋಟೊ ಆದ ಮೇಲೆ ಮತ್ತೆ ಕೀ ಒತ್ತಿದರೆ ಅದೇ ಫೋಲ್ಡರಿನ ಮೊದಲ ಫೋಟೊ ಬರುತ್ತದೆ. ಪ್ರತಿ ಸಲವೂ ವ್ಯೂವರ್ (ಫೋಟೊ ತೋರಿಸುವ ತಂತ್ರಾಂಶ) ಮುಚ್ಚಿ, ಹಿಂದಕ್ಕೆ ಹೋಗಿ, ಮುಂದಿನ ಫೋಲ್ಡರ್ ತೆರೆದು, ಅದರ ಮೊದಲ ಫೋಟೊವನ್ನು ಡಬಲ್ ಕ್ಲಿಕ್ ಮಾಡಬೇಕಾಗಿದೆ. ಎಲ್ಲ ಫೋಲ್ಡರ್‌ಗಳನ್ನೂ ಒಂದೇ ಸಮನೆ ನೋಡುತ್ತಾ ಹೋಗುವ ದಾರಿ ಇದೆಯೇ? ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದುಬಿಡು ಎಂದು ಗೆಳೆಯರು ಹೇಳುತ್ತಾರೆ. ಹಾಗೆ ಮಾಡಬಹುದೇ?
– ಸ್ಟುಡಿಯೊ ಸಹಾಯಕರೊಬ್ಬರು, ದಾವಣಗೆರೆ

ಉತ್ತರ: ಗೆಳೆಯರ ಸಲಹೆಯನ್ನು ಮೊದಲು ಬದಿಗಿಡಿ. ಕ್ಯಾಮೆರಾಗಳು ಫೋಟೊಗಳಿಗೆ ಹೆಸರಿಡುವ ಕ್ರಮವನ್ನು ಡಿಸಿಎಫ್ ಎಂಬ ನಿಯಮಾವಳಿ 1998ರಲ್ಲೇ ಗೊತ್ತುಮಾಡಿದೆ. ಅದರ ಪ್ರಕಾರ ಫೈಲಿನ ಹೆಸರಿನಲ್ಲಿ ನಾಲ್ಕು ಅಕ್ಷರಗಳೂ ಅವುಗಳ ನಂತರ 0001ರಿಂದ 9999ರವರೆಗಿನ ಒಂದು ಸಂಖ್ಯೆಯೂ ಇರುತ್ತವೆ, ಫೋಲ್ಡರಿನ ಹೆಸರು 100ರಿಂದ 999ರೊಳಗಿನ ಸಂಖ್ಯೆಯಿಂದ ಆರಂಭವಾಗುತ್ತದೆ. ಎಣಿಕೆ 9999 ತಲುಪಿದ ಮೇಲೆ ಕ್ಯಾಮೆರಾ ಹೊಸ ಫೋಲ್ಡರ್ ತೆರೆದು ಮತ್ತೆ 0001ರಿಂದ ಶುರುಮಾಡುತ್ತದೆ. ಒಂದೇ ಕಂಪನಿಯ ಎರಡು ಕ್ಯಾಮೆರಾಗಳನ್ನು ಒಂದೇ ಮದುವೆಗೆ ಒಯ್ದರೆ ಎರಡರಲ್ಲೂ ಐಎಂಜಿ_0457 ಎಂಬ ಫೋಟೊ ಇರುವುದು ತೀರಾ ಸಾಮಾನ್ಯ. ಇಂಥವನ್ನು ಒಂದೇ ಫೋಲ್ಡರಿಗೆ ಸುರಿಯುವಾಗ, ಹಳೆಯದನ್ನು ತೆಗೆದು ಹೊಸದನ್ನು ಹಾಕಲೇ ಎಂದು ವಿಂಡೋಸ್ ಕೇಳುತ್ತದೆ. ಅಂಗಡಿಯಲ್ಲಿ ಗಿರಾಕಿಗಳು ನಿಂತಿರುವ ಹೊತ್ತಿನಲ್ಲಿ ಓದದೆಯೇ ‘ರೀಪ್ಲೇಸ್’ ಒತ್ತಿದರೆ ಒಂದು ಕ್ಯಾಮೆರಾದ ಮುಹೂರ್ತದ ಫೋಟೊ ಇನ್ನೊಂದು ಕ್ಯಾಮೆರಾದ ಊಟದ ಪಂಕ್ತಿಯ ಕೆಳಗೆ ಹೂತುಹೋಗುತ್ತದೆ. ಮೆಮೊರಿ ಕಾರ್ಡನ್ನು ಅಷ್ಟರಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಅದು ಬಹುಮಟ್ಟಿಗೆ ಹೋದಂತೆಯೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನೀವು ಒಂದು ಫೋಟೊದ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ವ್ಯೂವರ್‌ಗೆ ಸಿಗುವುದು ಆ ಒಂದು ಫೈಲಿನ ವಿಳಾಸ ಮಾತ್ರ. ಅದು ಆ ಫೈಲ್ ಇರುವ ಫೋಲ್ಡರಿನಲ್ಲಿ ಇನ್ನೇನೇನು ಚಿತ್ರಗಳಿವೆ ಎಂದು ಪಟ್ಟಿ ಮಾಡಿಕೊಂಡು, ಆ ಪಟ್ಟಿಯಲ್ಲಿ ಹಿಂದೆ ಮುಂದೆ ಹೋಗುತ್ತದೆ. ಪಕ್ಕದ ಫೋಲ್ಡರ್ ಆ ಪಟ್ಟಿಯಲ್ಲಿ ಇರುವುದೇ ಇಲ್ಲವಾದ್ದರಿಂದ, ಕೊನೆ ಮುಟ್ಟಿದ ಮೇಲೆ ತಲೆಗೆ ಮರಳುತ್ತದೆ ಅಥವಾ ನಿಂತುಬಿಡುತ್ತದೆ. ಇದು ಕೆಟ್ಟಿರುವ ಲಕ್ಷಣವಲ್ಲ, ಹೆಚ್ಚಿನ ವ್ಯೂವರ್‌ಗಳನ್ನು ರೂಪಿಸಿರುವುದೇ ಹೀಗೆ. ಆದರೆ ಫೋಲ್ಡರಿನ ಕೊನೆಯಲ್ಲಿ ಏನು ಮಾಡಬೇಕು ಎಂಬುದನ್ನು ನಮಗೇ ಬಿಟ್ಟಿರುವ ವ್ಯೂವರ್‌ಗಳೂ ಇವೆ. 1996ರಿಂದ ಬಳಕೆಯಲ್ಲಿರುವ ಇರ್ಫಾನ್‌ವ್ಯೂ ಅಂಥದ್ದು. ಅದರಲ್ಲಿ ಪಿ ಕೀ ಒತ್ತಿದರೆ ಸೆಟ್ಟಿಂಗ್‌ಗಳ ಕಿಟಕಿ ತೆರೆಯುತ್ತದೆ. ಅಲ್ಲಿ ಬ್ರೌಸಿಂಗ್‌ಗೆ ಸಂಬಂಧಿಸಿದ ಭಾಗದಲ್ಲಿ, ಫೋಲ್ಡರ್ ಮುಗಿದಾಗ ಅದರಲ್ಲೇ ಸುತ್ತಬೇಕೇ ಅಥವಾ ಮುಂದಿನ ಫೋಲ್ಡರಿಗೆ ಹೋಗಬೇಕೇ ಎಂದು ಆರಿಸಬಹುದು. ಒಮ್ಮೆ ಹೀಗೆ ಹೊಂದಿಸಿಟ್ಟರೆ ಸ್ಪೇಸ್ ಬಾರ್ ಮುಂದಕ್ಕೂ ಬ್ಯಾಕ್‌ಸ್ಪೇಸ್ ಹಿಂದಕ್ಕೂ ಒಯ್ಯುತ್ತವೆ. ಆ್ಯರೋ ಕೀಗಳಿಗಿಂತ ಇವೇ ವಾಸಿ, ಏಕೆಂದರೆ ಫೋಟೊವನ್ನು ದೊಡ್ಡದು ಮಾಡಿ ನೋಡುತ್ತಿರುವಾಗ ಆ್ಯರೋ ಕೀ ಮುಂದಿನ ಫೋಟೊಗೆ ಹೋಗದೆ ಇದೇ ಫೋಟೊವನ್ನು ಅತ್ತಿತ್ತ ಸರಿಸುತ್ತದೆ.

ಇಷ್ಟರಿಂದ ಕೆಲಸ ಅರ್ಧ ಮಾತ್ರ ಆಗುತ್ತದೆ. ‘ಮುಂದಿನ ಫೋಲ್ಡರ್’ ಎಂದರೆ ಕಂಪ್ಯೂಟರಿಗೆ ಹೆಸರಿನ ಅಕ್ಷರಾನುಕ್ರಮದಲ್ಲಿ ಮುಂದಿನದು. ನೀವು ನಿಶ್ಚಿತಾರ್ಥ, ಅರಿಶಿಣ, ಚಪ್ಪರ, ಮುಹೂರ್ತ, ಆರತಕ್ಷತೆ, ಬೀಗರೂಟ ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದೀರಿ ಎಂದುಕೊಳ್ಳೋಣ. ಅಕ್ಷರಾನುಕ್ರಮದಲ್ಲಿ ಅವು ಅರಿಶಿಣ, ಆರತಕ್ಷತೆ, ಚಪ್ಪರ, ನಿಶ್ಚಿತಾರ್ಥ, ಬೀಗರೂಟ, ಮುಹೂರ್ತ ಎಂದು ನಿಲ್ಲುತ್ತವೆ. ಚಪ್ಪರ ಹಾಕುವ ಮೊದಲೇ ಆರತಕ್ಷತೆ ಮುಗಿದು, ತಾಳಿ ಕಟ್ಟುವ ಮೊದಲೇ ಬೀಗರೂಟ ನಡೆದುಹೋಗುವ ಇಂಥ ಮದುವೆಯನ್ನು ನೋಡಿ ಹುಡುಗಿಯ ಕಡೆಯ ಹಿರಿಯರು ನಗಬಹುದು, ಬೈಯಲೂಬಹುದು. ಆದ್ದರಿಂದ ಹೆಸರಿನ ಮೊದಲಿಗೆ 01, 02, 03 ಎಂದು ಎರಡಂಕಿಯ ಕ್ರಮಸಂಖ್ಯೆ ಹಾಕಿ: 01 ನಿಶ್ಚಿತಾರ್ಥ, 02 ಅರಿಶಿಣ, ಹೀಗೆ. ಎಲ್ಲ ಮದುವೆಗಳನ್ನೂ ಇಡುವ ಮೇಲಿನ ಹಂತದ ಫೋಲ್ಡರ್‌ಗಳಿಗೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2024-05-12 ಎಂಬಂತೆ ತಾರೀಖನ್ನೇ ಮೊದಲು ಬರೆಯಿರಿ. ನಾವು ರೂಢಿಯಲ್ಲಿ ಬರೆಯುವಂತೆ ದಿನವನ್ನು ಮುಂದಿಟ್ಟರೆ ಎಲ್ಲ ತಿಂಗಳುಗಳ ಒಂದನೇ ತಾರೀಖುಗಳೂ ಒಂದೆಡೆ ಗುಂಪುಗೂಡುತ್ತವೆ. ತಿಂಗಳ ಹೆಸರನ್ನೇ ಬರೆದರೆ ಇನ್ನೂ ಗೋಜಲು: ಕನ್ನಡದ ಅಕ್ಷರಾನುಕ್ರಮದಲ್ಲಿ ವರ್ಷವು ಅಕ್ಟೋಬರ್‌ನಿಂದ ಆರಂಭವಾಗಿ ಸೆಪ್ಟೆಂಬರ್‌ಗೆ ಮುಗಿಯುತ್ತದೆ.

ಎರಡು ಕ್ಯಾಮೆರಾಗಳ ಫೋಟೊಗಳನ್ನು ಒಂದೇ ಶಾಸ್ತ್ರದ ಫೋಲ್ಡರಿನಲ್ಲಿ ಇಡಬೇಕಾದಾಗ, ಇಡುವ ಮೊದಲೇ ಪ್ರತಿ ಕ್ಯಾಮೆರಾದ ಫೈಲ್‌ಗಳಿಗೂ ಬೇರೆ ಮುನ್ನಕ್ಷರ ಸೇರಿಸಿ. ಇರ್ಫಾನ್‌ವ್ಯೂನಲ್ಲಿ ಬಿ ಕೀ ಒತ್ತಿದರೆ ನೂರಾರು ಫೈಲ್‌ಗಳ ಹೆಸರನ್ನು ಒಟ್ಟಿಗೆ ಬದಲಿಸುವ ಸೌಲಭ್ಯ ಸಿಗುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಆ ಮುನ್ನಕ್ಷರವನ್ನು ಮೆನುವಿನಲ್ಲೇ ಬದಲಿಸಿಡಲು ಬರುತ್ತದೆ. ಫೋಟೊ ತೆಗೆದ ಸಮಯಕ್ಕೆ ಅನುಗುಣವಾಗಿ ಎರಡನ್ನೂ ಬೆರೆಸಿ ತೋರಿಸುವ ಆಸೆಯಿದ್ದರೆ ಮದುವೆಗೆ ಹೊರಡುವ ಮುನ್ನ ಎರಡು ಕ್ಯಾಮೆರಾಗಳ ಗಡಿಯಾರವನ್ನು ಒಂದೇ ಸಮಯಕ್ಕೆ ಹೊಂದಿಸಲೇಬೇಕು. ಇಲ್ಲವಾದರೆ ಒಂದು ಕ್ಯಾಮೆರಾದಲ್ಲಿ ಅಕ್ಷತೆ ಬೀಳುತ್ತಿರುವಾಗ ಇನ್ನೊಂದರಲ್ಲಿ ವರ ಇನ್ನೂ ಮಂಟಪಕ್ಕೆ ಬಂದಿರುವುದಿಲ್ಲ.

ಆಯ್ಕೆಯ ಕೆಲಸಕ್ಕೆ ಎಫ್8 ಕೀ ಬಳಸಿ. ಮದುವೆ ಮನೆಯವರು ‘ಇದಿರಲಿ’ ಎಂದಾಗ ಎಫ್8 ಒತ್ತಿ, ತೆರೆಯುವ ಕಿಟಕಿಯಲ್ಲಿ ನೀವು ಮೊದಲೇ ಗೊತ್ತುಮಾಡಿಟ್ಟ ‘ಆಲ್ಬಮ್’ ಫೋಲ್ಡರನ್ನು ಆರಿಸಿದರೆ ಅಲ್ಲಿಗೆ ಆ ಫೋಟೊದ ಪ್ರತಿ ಹೋಗುತ್ತದೆ, ಮೂಲವು ಇದ್ದಲ್ಲೇ ಉಳಿಯುತ್ತದೆ. ಅದರ ಪಕ್ಕದ ಎಫ್7 ಪ್ರತಿ ಮಾಡುವುದಿಲ್ಲ, ಫೋಟೊವನ್ನೇ ಎತ್ತಿ ಅಲ್ಲಿಗೆ ಸಾಗಿಸುತ್ತದೆ. ಗಿರಾಕಿಗಳ ಎದುರು ಇದನ್ನು ಮುಟ್ಟದಿರುವುದೇ ಒಳ್ಳೆಯದು. ಇನ್ನೊಂದು ವಿಷಯ: ಇರ್ಫಾನ್‌ವ್ಯೂ ಮನೆ ಮತ್ತು ಶಾಲೆಗಳ ಬಳಕೆಗೆ ಉಚಿತ, ವ್ಯಾಪಾರದ ಬಳಕೆಗೆ ಪರವಾನಗಿ ಕೊಳ್ಳಬೇಕು. ಸ್ಟುಡಿಯೊ ವ್ಯಾಪಾರವೇ ಆದ್ದರಿಂದ ನಿಮ್ಮ ಮಾಲೀಕರಿಗೆ ಇದನ್ನು ತಿಳಿಸಿ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಕ್ಕಳು ತಂಡ ತಂಡವಾಗಿ ಚಿತ್ರದುರ್ಗದ ಕೋಟೆಗೆ ಹೋಗಿ ಫೋಟೊ ತೆಗೆದಿದ್ದಾರೆ. ‘ತಂಡ 1’ರಿಂದ ‘ತಂಡ 12’ರವರೆಗೆ ಫೋಲ್ಡರ್‌ಗಳಿವೆ. ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಕ್ರಮ ಸರಿಯಾಗಿಯೇ ಕಾಣುತ್ತದೆ. ಆದರೆ ನಾನು ಬಳಸುವ ವ್ಯೂವರ್ ‘ತಂಡ 1’ ಆದ ಮೇಲೆ ‘ತಂಡ 10’ಕ್ಕೆ ಹಾರುತ್ತದೆ. ಪಾಲಕರ ಸಭೆಯಲ್ಲಿ ಪ್ರೊಜೆಕ್ಟರ್ ಮೇಲೆ ಎಲ್ಲವನ್ನೂ ತಡೆಯಿಲ್ಲದೆ ತೋರಿಸಬೇಕಾಗಿದೆ.
– ಶಿಕ್ಷಕಿಯೊಬ್ಬರು, ಚಿತ್ರದುರ್ಗ

ಉತ್ತರ: ಎಕ್ಸ್‌ಪ್ಲೋರರ್ ಹೆಸರಿನೊಳಗಿನ ಅಂಕಿಗಳನ್ನು ಸಂಖ್ಯೆಯೆಂದು ಓದುತ್ತದೆ, ಆದ್ದರಿಂದ ಅದಕ್ಕೆ 2 ಮೊದಲು, 10 ಆಮೇಲೆ. ನಿಮ್ಮ ವ್ಯೂವರ್ ಅಂಕಿಗಳನ್ನೂ ಬಿಡಿ ಅಕ್ಷರಗಳಂತೆ ಒಂದೊಂದಾಗಿ ಹೋಲಿಸುತ್ತದೆ. 10ರ ಮೊದಲ ಅಂಕಿ 1 ಆಗಿರುವುದರಿಂದ ಅದು 2ಕ್ಕಿಂತ ಮುಂದೆ ಬಂದು ಕೂರುತ್ತದೆ, 11 ಮತ್ತು 12 ಕೂಡ ಅದರ ಹಿಂದೆಯೇ ಬರುತ್ತವೆ. ತಂಡ 01, ತಂಡ 02 ಎಂದು ಹೆಸರು ತಿದ್ದಿದರೆ ಎರಡೂ ಕಡೆ ಒಂದೇ ಕ್ರಮ ಸಿಗುತ್ತದೆ. ಕನ್ನಡ ಅಂಕಿಗಳನ್ನೇ ಬಳಸುವ ಇಷ್ಟವಿದ್ದರೆ ೦೧, ೦೨ ಎಂದು ಎಲ್ಲ ಫೋಲ್ಡರ್‌ಗಳಿಗೂ ಅವನ್ನೇ ಬಳಸಿ. ಕೆಲವಕ್ಕೆ ಇದು, ಕೆಲವಕ್ಕೆ ಅದು ಎಂದಾದರೆ ಕ್ರಮ ಮತ್ತೆ ಕೆಡುತ್ತದೆ.

ಆದರೂ ನನಗೆ ಅನ್ನಿಸುವುದೇನೆಂದರೆ, ಪಾಲಕರು ನೋಡಬಯಸುವುದು ತಂಡಗಳನ್ನಲ್ಲ, ಕೋಟೆಯನ್ನು ಮತ್ತು ಅದರ ಮುಂದೆ ನಿಂತಿರುವ ತಮ್ಮ ಮಕ್ಕಳನ್ನು. ಹನ್ನೆರಡು ತಂಡಗಳೂ ಒನಕೆ ಓಬವ್ವನ ಕಿಂಡಿಯ ಫೋಟೊ ತೆಗೆದೇ ಇರುತ್ತವೆ. ತಂಡದ ಕ್ರಮದಲ್ಲಿ ತೋರಿಸಿದರೆ ಕಿಂಡಿ ಹನ್ನೆರಡು ಸಲ ಬಂದುಹೋಗುತ್ತದೆ. ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ, ಗೋಪಾಲಸ್ವಾಮಿ ಹೊಂಡ, ಓಬವ್ವನ ಕಿಂಡಿ ಎಂದು ಸ್ಥಳಕ್ಕೊಂದು ಫೋಲ್ಡರ್ ಮಾಡಿ, ಮಕ್ಕಳು ನೋಡಿದ ಕ್ರಮದಲ್ಲಿ ಸಂಖ್ಯೆ ಕೊಟ್ಟು, ಆಯ್ದ ಫೋಟೊಗಳ ಪ್ರತಿಗಳನ್ನು ಅವುಗಳಲ್ಲಿ ಹಂಚಿದರೆ ಸಭೆಗೆ ಹೆಚ್ಚು ಒಪ್ಪುತ್ತದೆ. ತಂಡದ ಮೂಲ ಫೋಲ್ಡರ್‌ಗಳು ಹಾಗೆಯೇ ಇರಲಿ.

ಪ್ರೊಜೆಕ್ಟರ್ ಮೇಲೆ ಫೋಲ್ಡರಿನಿಂದ ಫೋಲ್ಡರಿಗೆ ಕೈಯಾರೆ ಹೋಗುವ ಅಗತ್ಯವಿಲ್ಲ. ಇರ್ಫಾನ್‌ವ್ಯೂನಲ್ಲಿ ಡಬ್ಲ್ಯೂ ಕೀ ಒತ್ತಿ ಸ್ಲೈಡ್ ಶೋ ಕಿಟಕಿ ತೆರೆದು, ಒಂದೊಂದೇ ಫೋಲ್ಡರಿನ ಫೋಟೊಗಳನ್ನು ನಿಮಗೆ ಬೇಕಾದ ಕ್ರಮದಲ್ಲಿ ಪಟ್ಟಿಗೆ ಸೇರಿಸಿ. ಪಟ್ಟಿಯೇ ಮುಖ್ಯವಾಗುವುದರಿಂದ ಇಲ್ಲಿ ಫೋಲ್ಡರಿನ ಗಡಿ ಅಡ್ಡ ಬರುವುದಿಲ್ಲ. ಇಷ್ಟು ಸೆಕೆಂಡಿಗೊಮ್ಮೆ ತಾನಾಗಿ ಬದಲಾಗಲಿ ಎಂದೋ, ಕೀ ಒತ್ತಿದಾಗ ಮಾತ್ರ ಬದಲಾಗಲಿ ಎಂದೋ ಹೇಳಬಹುದು. ಮಕ್ಕಳೇ ವಿವರಣೆ ಕೊಡುವುದಾದರೆ ಎರಡನೆಯದೇ ಸರಿ. ಪಟ್ಟಿಯನ್ನು ಒಂದು ಟೆಕ್ಸ್ಟ್ ಫೈಲಾಗಿ ಉಳಿಸಿಕೊಂಡು ಸಭೆಯ ದಿನ ಮತ್ತೆ ತೆರೆಯಬಹುದು. ಆದರೆ ಅದರಲ್ಲಿ ಪ್ರತಿ ಫೋಟೊದ ಪೂರ್ಣ ವಿಳಾಸ ಬರೆದಿರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಇ ಡ್ರೈವ್ ಆಗಿದ್ದ ಪೆನ್ ಡ್ರೈವ್ ಶಾಲೆಯಲ್ಲಿ ಎಫ್ ಡ್ರೈವ್ ಆದರೆ ಒಂದು ಫೋಟೊವೂ ತೆರೆಯುವುದಿಲ್ಲ. ಹಾಗಾಗಿ ಪಟ್ಟಿಯನ್ನು ಸಭೆಯಲ್ಲಿ ಬಳಸುವ ಕಂಪ್ಯೂಟರಿನಲ್ಲೇ, ಫೋಟೊಗಳನ್ನು ಅದಕ್ಕೆ ನಕಲು ಮಾಡಿದ ನಂತರ ತಯಾರಿಸಿ. ಮಕ್ಕಳು ಕೆಲವನ್ನು ವಾಟ್ಸ್‌ಆ್ಯಪ್ ಮೂಲಕ ಕಳಿಸಿದ್ದರೆ ಅವುಗಳಲ್ಲಿ ಫೋಟೊ ತೆಗೆದ ಸಮಯದ ವಿವರ ಅಳಿಸಿಹೋಗಿರುತ್ತದೆ. ಅವನ್ನು ತಾರೀಖಿನ ಪ್ರಕಾರ ಜೋಡಿಸುವ ಪ್ರಯತ್ನ ಬೇಡ.

ಪ್ರಶ್ನೆ: ನಾನು ಫೋಲ್ಡರ್‌ಗಳಿಗೆ ಕನ್ನಡದಲ್ಲೇ ಹೆಸರಿಡುತ್ತೇನೆ. ನನ್ನಲ್ಲಿರುವ ಬಹಳ ಹಳೆಯ ವ್ಯೂವರ್‌ನಲ್ಲಿ ಅವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತವೆ, ಒಳಗೆ ಹೋಗಲೂ ಆಗುವುದಿಲ್ಲ. ಕನ್ನಡ ಫಾಂಟ್ ಹಾಕಿದರೆ ಸರಿಹೋಗುವುದೇ?
– ಓದುಗರೊಬ್ಬರು, ಹರಿಹರ

ಉತ್ತರ: ಹೋಗುವುದಿಲ್ಲ. ಫಾಂಟ್ ಇಲ್ಲದಿದ್ದರೆ ಚೌಕಗಳು ಕಾಣಬೇಕಿತ್ತು. ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿದೆ ಎಂದರೆ ಆ ತಂತ್ರಾಂಶ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಗೊತ್ತುಮಾಡಿರುವ ವ್ಯವಸ್ಥೆ) ಬರುವ ಮುಂಚಿನ ರೀತಿಯಲ್ಲಿ ಹೆಸರುಗಳನ್ನು ಓದುತ್ತಿದೆ, ತನಗೆ ಗೊತ್ತಿಲ್ಲದ ಪ್ರತಿ ಅಕ್ಷರದ ಜಾಗದಲ್ಲೂ ಆ ಚಿಹ್ನೆ ಇಡುತ್ತಿದೆ ಎಂದರ್ಥ. ಹಾಗೆ ಬದಲಾದ ಹೆಸರಿನ ಫೋಲ್ಡರ್ ಡಿಸ್ಕಿನಲ್ಲಿ ಇಲ್ಲದಿರುವುದರಿಂದ ಒಳಗೆ ಹೋಗಲೂ ಆಗದು. ಎಕ್ಸ್‌ಎನ್‌ವ್ಯೂ ಎಂಪಿಯಂಥ ಯೂನಿಕೋಡ್ ಬಲ್ಲ ವ್ಯೂವರ್‌ಗೆ ಬದಲಾಗಿ. ಎಡಗಡೆ ಫೋಲ್ಡರ್‌ಗಳ ಸಾಲು, ಬಲಗಡೆ ಪುಟ್ಟ ಚಿತ್ರಗಳು ಇರುವ ಅದರ ವಿನ್ಯಾಸದಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವುದು ಒಂದು ಕ್ಲಿಕ್ಕಿನ ಕೆಲಸ, ಒಳ ಫೋಲ್ಡರ್‌ಗಳ ಫೋಟೊಗಳನ್ನೂ ಒಟ್ಟಿಗೆ ಹರಡಿ ತೋರಿಸುವ ಆಯ್ಕೆಯೂ ಇದೆ. ಪೆನ್ ಡ್ರೈವ್‌ನಲ್ಲಿ ಹಾಕಿ ಬೇರೆಯವರಿಗೆ ಕೊಡುವ ಪ್ರತಿಗೆ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಹೆಸರು ಕ್ಷೇಮ, ಏಕೆಂದರೆ ಅದನ್ನು ಅವರು ಚುಚ್ಚಿ ನೋಡುವ ಟಿವಿಗೆ ಕನ್ನಡ ಓದಲು ಬರುವುದೆಂಬ ಭರವಸೆಯಿಲ್ಲ.