ಹಿರಿಯರು ‘ಬೇಡ’ ಎಂದಾಗ

ಪ್ರಿಯ ಸೋದರಿ,

ನಿಮ್ಮ ಪತ್ರ ತಲುಪಿದೆ. 82 ವರ್ಷದ ಅಪ್ಪ, ಅವರಿಗಿಂತ ಹಿರಿಯರಾದ ಸೋದರತ್ತೆ, ಇಬ್ಬರನ್ನೂ ನೀವೊಬ್ಬರೇ ನೋಡಿಕೊಳ್ಳುತ್ತಿದ್ದೀರಿ. ಅಪ್ಪನಿಗೆ ಕೊಡಿಸಿದ ಶ್ರವಣಯಂತ್ರ ಮೇಜಿನ ಖಾನೆಯಲ್ಲೇ ಉಳಿದಿದೆ. ಅತ್ತೆ ಸ್ನಾನದ ಮನೆಯಲ್ಲಿ ಹಿಡಿಕೆ ಹಾಕಿಸಲು ಒಪ್ಪುತ್ತಿಲ್ಲ, ಊರುಗೋಲು ಮುಟ್ಟುತ್ತಿಲ್ಲ; ಕಳೆದ ತಿಂಗಳು ಎರಡು ಸಲ ಬಿದ್ದಿದ್ದಾರೆ. ಮಾತ್ರೆಗಳನ್ನು ಇಬ್ಬರೂ ತೋಚಿದಾಗ ನುಂಗುತ್ತಾರೆ, ತೋಚದಿದ್ದಾಗ ಬಿಡುತ್ತಾರೆ. ದೂರದಲ್ಲಿರುವ ಅಣ್ಣ ಫೋನಿನಲ್ಲಿ ‘ನೀನು ಸರಿಯಾಗಿ ಹೇಳುತ್ತಿಲ್ಲ’ ಎನ್ನುತ್ತಾರೆ. ‘ಹೇಳಿ ಹೇಳಿ ಬಾಯಿ ಸೋತಿದೆ, ಇವರ ಹಠಕ್ಕೆ ಏನು ಮಾಡಲಿ?’ ಎಂದು ಕೇಳಿದ್ದೀರಿ.

ನೀವು ಬರೆದಿರುವ ಒಂದೊಂದು ‘ಬೇಡ’ದ ಹಿಂದೆಯೂ ಬಹುಮಟ್ಟಿಗೆ ಒಂದು ಕಾರಣ ಇರುತ್ತದೆ. ಕೆಲವು ದೇಹದಲ್ಲಿ, ಕೆಲವು ನಾವು ಕೈಗೆ ಕೊಟ್ಟ ವಸ್ತುವಿನಲ್ಲಿ, ಕೆಲವು ಸಂಕೋಚದಲ್ಲಿ. ಬುದ್ಧಿ ಹೇಳಿದರೆ ಇವು ಯಾವುವೂ ಹೋಗುವುದಿಲ್ಲ. ಮೊದಲು ಕಾರಣ ಹುಡುಕಿ ಸರಿಪಡಿಸಬೇಕು. ಆಮೇಲೂ ಬೇಡವೆಂದರೆ, ಅದು ಅವರ ಇಷ್ಟಕ್ಕೆ ಬಿಡಬಹುದಾದ ಸಂಗತಿಯೇ ಎಂದು ಯೋಚಿಸಬೇಕು. ಈ ಕ್ರಮ ತಲೆಕೆಳಗಾದ ಮನೆಗಳಲ್ಲೇ ಜಗಳ ಹೆಚ್ಚು.

ತುರ್ತಿನದನ್ನು ಮೊದಲು ಹೇಳುತ್ತೇವೆ. ಒಂದೇ ತಿಂಗಳಲ್ಲಿ ಎರಡು ಸಲ ಬಿದ್ದವರನ್ನು ವೈದ್ಯರಿಗೆ ತೋರಿಸಲೇಬೇಕು. ಪೆಟ್ಟಾಗಿಲ್ಲ ಎಂದು ಬಿಡುವಂತಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಎದ್ದು ಚೆನ್ನಾಗಿ ಮಾತಾಡುತ್ತಿದ್ದರೂ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ತಲೆಯೊಳಗಿನ ರಕ್ತಸ್ರಾವ ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರ ಗೊತ್ತಾಗುತ್ತದೆ. ಇನ್ನೊಂದು ಸೂಚನೆ: ನಿನ್ನೆ ಮೊನ್ನೆವರೆಗೆ ಸರಿಯಾಗಿದ್ದವರು ಎರಡು ಮೂರು ದಿನಗಳಲ್ಲಿ ಇದ್ದಕ್ಕಿದ್ದಂತೆ ಸಿಡುಕಲು, ಹೊತ್ತು ಗೊತ್ತು ಮರೆಯಲು, ಇಲ್ಲದ್ದನ್ನು ಕಾಣಲು ಶುರು ಮಾಡಿದರೆ ಅದನ್ನು ಹಠ ಎಂದೂ ಮರೆವಿನ ಕಾಯಿಲೆ ಎಂದೂ ತಿಳಿಯಬೇಡಿ. ಮೂತ್ರನಾಳದ ಸೋಂಕು, ಶ್ವಾಸಕೋಶದ ಸೋಂಕು, ನೀರು ಸಾಲದಿರುವುದು, ಗಟ್ಟಿಯಾದ ಮಲಬದ್ಧತೆ, ಹೊಸದಾಗಿ ಶುರುವಾದ ಮಾತ್ರೆ, ಇವುಗಳಲ್ಲಿ ಯಾವುದಾದರೂ ಹೀಗೆ ಮಾಡಬಹುದು. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಬಾರದಿರಬಹುದು. ಅದೇ ದಿನ ವೈದ್ಯರನ್ನು ಕಾಣಬೇಕು. ಕಾರಣಕ್ಕೆ ಚಿಕಿತ್ಸೆಯಾದರೆ ಬಹಳಷ್ಟು ಜನ ಮೊದಲಿನಂತಾಗುತ್ತಾರೆ.

ಇನ್ನು ಅಪ್ಪನ ಕಿವಿ. ‘ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಇಲ್ಲ’ ಎಂದು ಬರೆದಿದ್ದೀರಿ. ಈ ಆರೋಪ ಬಹುತೇಕ ಎಲ್ಲ ಮನೆಗಳಲ್ಲೂ ಇದೆ, ಬಹುತೇಕ ಎಲ್ಲ ಕಡೆಯೂ ತಪ್ಪು. ವಯಸ್ಸಿನ ಕಿವುಡುತನದಲ್ಲಿ ಮೊದಲು ಹೋಗುವುದು ಎತ್ತರದ ಸ್ಥಾಯಿಯ ಸದ್ದುಗಳು. ಸ್ವರಗಳು ತಗ್ಗಿನ ಸ್ಥಾಯಿಯವು, ಅವು ಕೇಳುತ್ತಲೇ ಇರುತ್ತವೆ. ಸ, ಶ, ಚ, ತ, ಕದಂಥ ವ್ಯಂಜನಗಳು ಅಳಿಸಿಹೋಗುತ್ತವೆ. ಹಾಲು ಎಂದರೂ ಸಾಲು ಎಂದರೂ ಒಂದೇ. ಯಾರೋ ಮಾತಾಡುತ್ತಿದ್ದಾರೆಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಶಾಂತವಾದ ಕೋಣೆಯಲ್ಲಿ ದಪ್ಪ ದನಿಯ ಒಬ್ಬರು ಎದುರು ಕೂತು ಮಾತಾಡಿದರೆ ಪೂರ್ತಿ ಅರ್ಥವಾಗುತ್ತದೆ. ಅದೇ ವ್ಯಕ್ತಿಗೆ ಟಿವಿ ಹಾಕಿರುವಾಗ ಹೆಂಗಸರ, ಮಕ್ಕಳ ತೆಳು ದನಿ ಅರ್ಥವಾಗುವುದಿಲ್ಲ. ನೆಂಟರ ಮಾತು ಕೇಳಿಸಿತು, ಮಗಳದು ಕೇಳಿಸಲಿಲ್ಲ ಎಂಬುದಕ್ಕೆ ಕಾರಣ ಇಷ್ಟೇ.

ಕಿರುಚುವುದರಿಂದ ಸ್ವರಗಳು ಮಾತ್ರ ದೊಡ್ಡದಾಗುತ್ತವೆ, ವ್ಯಂಜನಗಳು ಅವುಗಳಡಿ ಮುಚ್ಚಿಹೋಗುತ್ತವೆ. ಮೇಲಾಗಿ ನಮ್ಮ ಮುಖ ಸಿಟ್ಟಿನದಾಗುತ್ತದೆ, ಅವರು ಆ ಮುಖವನ್ನು ಓದುತ್ತಾರೆ. ಟಿವಿ ಆರಿಸಿ. ಒಂದು, ಒಂದೂವರೆ ಮೀಟರ್ ದೂರದಲ್ಲಿ, ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ಎದುರು ನಿಲ್ಲಿ. ಮೊದಲು ಕರೆದು, ನಿಮ್ಮತ್ತ ತಿರುಗಿದ ಮೇಲೆ ಮಾತು ಶುರು ಮಾಡಿ. ದನಿಯನ್ನು ಏರಿಸುವ ಬದಲು ತಗ್ಗಿಸಿ, ನಿಧಾನವಾಗಿ ಹೇಳಿ. ಅರ್ಥವಾಗದಿದ್ದರೆ ಅದೇ ವಾಕ್ಯವನ್ನು ಮೂರನೆಯ ಸಲ ಹೇಳದೆ ಬೇರೆ ಪದಗಳಲ್ಲಿ ಹೇಳಿ. ಕಳೆದುಹೋದ ವ್ಯಂಜನ ಮತ್ತೆ ಮತ್ತೆ ಅಲ್ಲೇ ಕಳೆಯುತ್ತದೆ.

ಯಂತ್ರ ಖಾನೆ ಸೇರಿದ್ದೇಕೆ? ಸಾಮಾನ್ಯವಾಗಿ ಮೊದಲ ವಾರದ ಗದ್ದಲದಿಂದ. ವರ್ಷಗಟ್ಟಲೆ ಕೇಳದಿದ್ದ ಪಾತ್ರೆಯ ಸದ್ದು, ನಲ್ಲಿಯ ನೀರು, ಕಾಗದ ಮಡಚುವುದು, ತಮ್ಮದೇ ಗಂಟಲಿನ ದನಿ, ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂದು ಮೆದುಳು ಮತ್ತೆ ಕಲಿಯಲು ಹಲವು ವಾರ ಬೇಕು. ಮೊದಲ ದಿನವೇ ಮದುವೆ ಮನೆಗೆ ಹಾಕಿಸಿಕೊಂಡು ಹೋದರೆ ಅಲ್ಲಿಗೆ ಮುಗಿಯಿತು. ದಿನಕ್ಕೆ ಒಂದೆರಡು ಗಂಟೆ, ಮನೆಯೊಳಗೆ, ಒಬ್ಬರ ಜೊತೆಗಿನ ಮಾತಿಗೆ ಮಾತ್ರ ಹಾಕಿಸಿ. ಪ್ರತಿ ಕೆಲವು ದಿನಕ್ಕೊಮ್ಮೆ ಅರ್ಧ ಗಂಟೆ ಹೆಚ್ಚಿಸಿ. ಹೊರಗಿನ ಓಡಾಟ, ಜನಜಂಗುಳಿ ಕೊನೆಗೆ.

ಕುಯ್ ಎಂದು ಶಿಳ್ಳೆ ಬಂದರೆ ಯಂತ್ರ ಕಿವಿಯಲ್ಲಿ ಸರಿಯಾಗಿ ಕೂತಿಲ್ಲ, ಇಲ್ಲವೇ ಕಿವಿಯಲ್ಲಿ ಗುಗ್ಗೆ ತುಂಬಿ ಸದ್ದು ಹಿಂದಕ್ಕೆ ಬಡಿಯುತ್ತಿದೆ. ಗುಗ್ಗೆಯನ್ನು ವೈದ್ಯರಿಂದಲೇ ತೆಗೆಸಿ. ಹತ್ತಿಯ ಕಡ್ಡಿ ಅದನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ಸದ್ದೇ ಬರದಿದ್ದರೆ ತುದಿಯಲ್ಲಿರುವ ಪುಟ್ಟ ಬಿಳಿ ಜಾಲರಿ ಕಟ್ಟಿಕೊಂಡಿರಬಹುದು, ಬದಲಿಸಿ ನೋಡಿ. ಕಿವಿಯ ಹಿಂದೆ ಕೂರುವ ಮಾದರಿಯಾದರೆ ಕೊಳವೆಯಲ್ಲಿ ಬೆವರಿನ ಹನಿ ನಿಂತಿದೆಯೇ ನೋಡಿ. ಗುಂಡಿ ಬ್ಯಾಟರಿಗಳ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಇವು ಗಾಳಿಯಿಂದ ಕೆಲಸ ಮಾಡುವ ಸತುವಿನ ಬ್ಯಾಟರಿಗಳು. ಅಂಟುಪಟ್ಟಿ ಕಿತ್ತ ಮೇಲೆ ಒಂದು ನಿಮಿಷವಾದರೂ ಗಾಳಿಗೆ ಬಿಟ್ಟು ಆಮೇಲೆ ಒಳಗೆ ಹಾಕಬೇಕು. ಒಮ್ಮೆ ಕಿತ್ತರೆ ಬಳಸದಿದ್ದರೂ ಸವೆಯುತ್ತದೆ, ಪಟ್ಟಿ ಮತ್ತೆ ಅಂಟಿಸಿದರೂ ಉಳಿಯುವುದಿಲ್ಲ. ಪಟ್ಟಿಯ ಬಣ್ಣವೇ ಗುರುತು: 10ನೇ ಸಂಖ್ಯೆಗೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ರಾತ್ರಿ ಬ್ಯಾಟರಿಯ ಬಾಗಿಲು ತೆರೆದಿಡಿ, ತೇವ ಆರುತ್ತದೆ. ಬೆರಳು ನಡುಗುವವರಿಗೆ ಈ ಪುಟ್ಟ ಗುಂಡಿಯನ್ನು ಹಿಡಿಯುವುದೇ ಕಷ್ಟ; ಆ ಅವಮಾನ ತಾಳಲಾರದೆ ಯಂತ್ರವೇ ಬೇಡ ಎನ್ನುವವರು ಇದ್ದಾರೆ. ಅವರಿಗೆ ಚಾರ್ಜ್ ಮಾಡುವ ಮಾದರಿ ವಾಸಿ. ಕೊಂಡು ಒಂದೆರಡು ವರ್ಷವಾಗಿದ್ದರೆ ಕಿವಿ ಮತ್ತೆ ಪರೀಕ್ಷಿಸಿ ಯಂತ್ರದ ಹೊಂದಾಣಿಕೆ ಬದಲಿಸಬೇಕು. ಇಷ್ಟೂ ಆಗುವವರೆಗೆ ಅಪ್ಪನನ್ನು ಹಠಮಾರಿ ಎನ್ನಬೇಡಿ.

ಅತ್ತೆ ಬೀಳುವ ಹೊತ್ತು ಯಾವುದು ಎಂದು ನೀವು ಬರೆದಿಲ್ಲ. ಅದನ್ನು ಕೇಳಿ ಬರೆದಿಡಿ. ಹಾಸಿಗೆಯಿಂದ ಎದ್ದ ಕೂಡಲೇ ಆದರೆ ರಕ್ತದೊತ್ತಡ ಇಳಿಯುತ್ತಿರಬಹುದು. ಐದು ನಿಮಿಷ ಮಲಗಿಸಿ ಒಮ್ಮೆ ಅಳೆಯಿರಿ. ಎದ್ದು ನಿಂತ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ಅಳೆಯಿರಿ. ನಿಂತಾಗ ಪಕ್ಕದಲ್ಲೇ ಇರಿ, ತಲೆ ಸುತ್ತಿದರೆ ಕೂರಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಆ ಚೀಟಿಯನ್ನು ವೈದ್ಯರಿಗೆ ಕೊಡಿ. ಮಾತ್ರೆಯ ಪ್ರಮಾಣ ಬದಲಿಸುವುದು ಅವರ ಕೆಲಸ. ನಿಮ್ಮ ಕೆಲಸ, ಎದ್ದ ಮೇಲೆ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಪಾದ ಆಡಿಸಿ ಆಮೇಲೆ ನಿಲ್ಲುವ ಅಭ್ಯಾಸ ಮಾಡಿಸುವುದು. ಮೆಟ್ಟಿಲಿಳಿಯುವಾಗ ಬಿದ್ದರೆ ಬೈಫೋಕಲ್ ಕನ್ನಡಕ ನೋಡಿ. ಕೆಳಗೆ ನೋಡಿದಾಗ ಓದುವ ಗಾಜು ಅಡ್ಡ ಬಂದು ಮೆಟ್ಟಿಲಿನ ಅಂಚು ಮಸುಕಾಗುತ್ತದೆ. ರಾತ್ರಿ ಬಿದ್ದರೆ ದೀಪ. 60 ದಾಟಿದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20ರ ಹರೆಯದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ನಿಮಗೆ ಸಾಕಾದ ಬೆಳಕು ಅವರಿಗೆ ಸಾಲದು. ಹಾಸಿಗೆಯಿಂದ ಶೌಚಾಲಯದವರೆಗೆ ನಡೆದಾಗ ತಾನೇ ಹತ್ತುವ ದೀಪಗಳನ್ನು ತಗ್ಗಿನಲ್ಲಿ ಹಾಕಿಸಿ. ಜಾರುವ ಚಾಪೆ, ಹಿಮ್ಮಡಿ ಬಿಗಿಯಿಲ್ಲದ ಚಪ್ಪಲಿ, ದಾರಿಗೆ ಅಡ್ಡ ಬಂದ ವೈರು, ಇವನ್ನು ಅವರನ್ನು ಕೇಳಿಯೇ ತೆಗೆಯಿರಿ. ಕೇಳದೆ ತೆಗೆದದ್ದು ವಾಪಸು ಬರುತ್ತದೆ.

ಹಿಡಿಕೆಯ ಮಾತು. ಮನೆ ಆಸ್ಪತ್ರೆಯಂತೆ ಕಾಣುತ್ತದೆ ಎಂಬುದೇ ಅನೇಕರ ತಕರಾರು, ಬಾಯಿಬಿಟ್ಟು ಹೇಳುವುದಿಲ್ಲ. ಬಣ್ಣ, ಮಾದರಿ ಅವರೇ ಆರಿಸಲಿ. ಜಾಗವನ್ನೂ ಅವರ ಕೈಯೇ ತೋರಿಸಲಿ: ಬಟ್ಟೆ ತೊಟ್ಟು, ಒಣಗಿದ ನೆಲದಲ್ಲಿ, ಒಳಗೆ ಹೋಗಿ ಕೂತು ಏಳಲು ಹೇಳಿ. ಕೈ ತಾನಾಗಿ ಗೋಡೆಯನ್ನು ಎಲ್ಲಿ ಹುಡುಕುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಸರಳಿನ ದಪ್ಪ 32ರಿಂದ 38 ಮಿ.ಮೀ. ಇದ್ದರೆ ಮುಷ್ಟಿ ಸುತ್ತಲೂ ಹಿಡಿಯುತ್ತದೆ. ಗೋಡೆಗೂ ಸರಳಿಗೂ ನಡುವೆ ಸುಮಾರು 38 ಮಿ.ಮೀ. ಸಂದು ಸಾಕು, ಹೆಚ್ಚಾದರೆ ಬೀಳುವಾಗ ತೋಳು ಒಳಗೆ ಸಿಕ್ಕಿಕೊಳ್ಳುತ್ತದೆ. ಗಾರೆಯಲ್ಲಿ ನಿಲ್ಲದೆ ಇಟ್ಟಿಗೆ ಅಥವಾ ಕಾಂಕ್ರೀಟಿನೊಳಕ್ಕೆ ಹೋಗುವ ಬೋಲ್ಟು ಇರಲಿ. ಗಾಳಿ ಹೀರಿ ಅಂಟುವ ರಬ್ಬರ್ ಹಿಡಿಕೆ ಮೈಭಾರ ತಡೆಯುವುದಿಲ್ಲ, ಟವಲು ಹಾಕುವ ಸರಳೂ ಅಷ್ಟೇ. ನಂಬಿ ಹಿಡಿದಾಗ ಕಿತ್ತುಬರುವ ಹಿಡಿಕೆಗಿಂತ ಹಿಡಿಕೆ ಇಲ್ಲದಿರುವುದೇ ಮೇಲು.

ಊರುಗೋಲು ಬೇಡ ಎನ್ನುವವರಲ್ಲಿ ಹಲವರಿಗೆ ಸಿಕ್ಕಿರುವುದು ಅಳತೆ ತಪ್ಪಿದ ಕೋಲು. ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಕೋಲಿನ ಹಿಡಿ ಬರಬೇಕು. ಉದ್ದವಾದರೆ ಹೆಗಲು ನೋಯುತ್ತದೆ, ಗಿಡ್ಡವಾದರೆ ಸೊಂಟ ಬಾಗುತ್ತದೆ. ಹಿಡಿಯಬೇಕಾದ್ದು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ. ಬಹಳ ಜನ ನೋವಿರುವ ಕಡೆಯೇ ಹಿಡಿದು, ಉಪಯೋಗವಿಲ್ಲ ಎಂದು ಮೂಲೆಗಿಡುತ್ತಾರೆ. ತುದಿಯ ರಬ್ಬರ್ ಬಿಲ್ಲೆಯ ಗೀರುಗಳು ಸವೆದಿದ್ದರೆ ಬದಲಿಸಿ.

ಮಾತ್ರೆಗಳಿಗೆ ಬರೋಣ. ಮನೆಯಲ್ಲಿರುವ ಪ್ರತಿಯೊಂದು ಮಾತ್ರೆ, ಟಾನಿಕ್, ತಾವಾಗಿ ತಂದುಕೊಂಡ ನೋವಿನ ಗುಳಿಗೆ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರಲ್ಲಿಗೆ ಒಯ್ಯಿರಿ. ಮಾತ್ರೆಯ ಹಾಳೆಯ ಮೇಲೆ ಕಂಪನಿ ಇಟ್ಟ ಹೆಸರು ಒಂದು, ಔಷಧದ ಹೆಸರು ಇನ್ನೊಂದು ಇರುತ್ತದೆ. ಎರಡು ಬೇರೆ ಹೆಸರಿನಲ್ಲಿ ಒಂದೇ ಔಷಧ ಎರಡು ಪಟ್ಟು ಹೊಟ್ಟೆಗೆ ಹೋಗುವುದು ಅಪರೂಪವಲ್ಲ. ಆಮೇಲೆ, ಯಾವ ಮಾತ್ರೆಯನ್ನು ಬಿಡುತ್ತಾರೆ ಎಂದು ಗಮನಿಸಿ. ಎಲ್ಲವನ್ನೂ ಮರೆತರೆ ಅದು ಮರೆವು. ಒಂದನ್ನೇ ಬಿಡುತ್ತಿದ್ದರೆ ಅದಕ್ಕೆ ಕಾರಣವಿದೆ. ಬಹಳ ಸಲ ಅದು ಮೂತ್ರ ಹೆಚ್ಚಿಸುವ ಮಾತ್ರೆ: ಸಂಜೆ ನುಂಗಿದರೆ ರಾತ್ರಿಯಿಡೀ ಏಳಬೇಕು, ಏಳಲು ಭಯ. ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಇದೇ ಭಯಕ್ಕೆ ನೀರನ್ನೂ ಕಡಿಮೆ ಮಾಡುತ್ತಾರೆ. ವಯಸ್ಸಾದಂತೆ ಬಾಯಾರಿಕೆಯೂ ಕುಂದುವುದರಿಂದ ಅದು ಅವರಿಗೇ ಗೊತ್ತಾಗುವುದಿಲ್ಲ. ಕೆಲವರಿಗೆ ಮಾತ್ರೆ ಗಂಟಲಲ್ಲಿ ನಿಲ್ಲುತ್ತದೆ, ಕೆಲವರಿಗೆ ಹಾಳೆಯಿಂದ ಬಿಡಿಸಲು ಬೆರಳಲ್ಲಿ ಬಲವಿಲ್ಲ.

ನುಂಗಲಾಗದೆಂದು ಪುಡಿ ಮಾಡುವ ಮುನ್ನ ಕೇಳಿ. ಹೆಸರಿನ ಕೊನೆಗೆ ಎಸ್‌ಆರ್, ಇಆರ್, ಎಕ್ಸ್‌ಆರ್ ಎಂದಿರುವ ಮಾತ್ರೆಗಳು ದಿನವಿಡೀ ಸ್ವಲ್ಪ ಸ್ವಲ್ಪವೇ ಕರಗಬೇಕಾದವು. ಪುಡಿ ಮಾಡಿದರೆ ದಿನದ ಪ್ರಮಾಣ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. ಊಟದಲ್ಲಿ ಗುಟ್ಟಾಗಿ ಬೆರೆಸುವುದಂತೂ ಬೇಡ. ಒಮ್ಮೆ ಗೊತ್ತಾದರೆ ಮಾತ್ರೆಯ ಜೊತೆ ಊಟವನ್ನೂ ಅನುಮಾನಿಸುತ್ತಾರೆ. ಬಿಪಿಯ ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸುವುದು ಅಪಾಯ, ಆದ್ದರಿಂದ ‘ಬೇಡವಾದರೆ ಬಿಡಿ’ ಎಂದು ಸಿಟ್ಟಿನಲ್ಲೂ ಹೇಳಬೇಡಿ. ಏಳು ದಿನದ ಖಾನೆಗಳ ಡಬ್ಬಿ ತಂದು ವಾರದ ಒಂದೇ ದಿನ ಅವರ ಜೊತೆ ಕೂತು ತುಂಬಿ. ತೇವ ತಾಗಿದರೆ ಕೆಡುವ ಮಾತ್ರೆಯನ್ನು ಹಾಳೆ ಸಮೇತ ಕತ್ತರಿಸಿ ಹಾಕಿ. ಅವರೇ ತುಂಬಲಿ, ನೀವು ನೋಡಿ.

ಇಷ್ಟೆಲ್ಲ ಮಾಡಿಯೂ ಕೆಲವು ‘ಬೇಡ’ ಉಳಿಯುತ್ತವೆ. ಆಗ ನೋಡಬೇಕಾದ್ದು ನಾಲ್ಕು ಸಂಗತಿ: ಹೇಳಿದ್ದು ಅವರಿಗೆ ತಿಳಿಯುತ್ತದೆಯೇ, ನಿರ್ಧರಿಸುವಷ್ಟು ಹೊತ್ತು ನೆನಪಿರುತ್ತದೆಯೇ, ಒಳಿತು ಕೆಡುಕು ತೂಗುತ್ತಾರೆಯೇ, ತಮ್ಮ ತೀರ್ಮಾನ ತಿಳಿಸುತ್ತಾರೆಯೇ. ನಾಲ್ಕೂ ಇದ್ದರೆ ಅವರ ನಿರ್ಧಾರ ನಮಗೆ ಹಿಡಿಸದಿದ್ದರೂ ಅದು ಅವರದು. ಹಳೆಯ ಕುರ್ಚಿ, ಹರಿದ ಶಾಲು, ಮಧ್ಯಾಹ್ನದ ಸ್ನಾನ, ಇವುಗಳಿಗಾಗಿ ಹೋರಾಡಬೇಡಿ. ಬೇರೆಯವರ ಜೀವಕ್ಕೂ ಅಪಾಯವಾಗುವ ಕಡೆ ಮಾತ್ರ ಬಗ್ಗಬೇಡಿ: ಆರಿಸದೆ ಬಿಟ್ಟ ಗ್ಯಾಸ್, ಕಣ್ಣು ಮಂದವಾದ ಮೇಲೂ ವಾಹನ ಓಡಿಸುವುದು. ವಯಸ್ಸಾದಂತೆ ಮೂಗಿನ ಶಕ್ತಿ ಕುಂದುತ್ತದೆ, ಗ್ಯಾಸ್ ಸೋರಿದರೂ ವಾಸನೆ ಬಾರದಿರಬಹುದು. ಅದಕ್ಕೆ ಎಚ್ಚರಿಕೆ ಗಂಟೆ ಹಾಕಿಸಿ.

ಮಾತಾಡುವಾಗ ಒಂದು ದಿನಕ್ಕೆ ಒಂದೇ ವಿಷಯ, ಅದೂ ಅವರು ದಣಿದಿಲ್ಲದ ಹೊತ್ತಿನಲ್ಲಿ, ನೆಂಟರ ಎದುರಿಗಲ್ಲ. ‘ನಿಮಗೆ ವಯಸ್ಸಾಯಿತು’ ಎನ್ನುವ ಬದಲು ‘ರಾತ್ರಿ ನೀವು ಎದ್ದಾಗ ನನಗೆ ನಿದ್ದೆ ಬರುವುದಿಲ್ಲ’ ಎನ್ನಿ, ನಿಜವೂ ಅದೇ. ಕೋಲು ಬೇಕೇ ಬೇಡವೇ ಎಂದು ಕೇಳಿದರೆ ಬೇಡ ಎಂದೇ ಉತ್ತರ. ಎರಡು ಕೋಲು ಮುಂದಿಟ್ಟು ಯಾವುದು ಹಗುರ ಎಂದು ಕೇಳಿ. ಹದಿನೈದು ದಿನ ನೋಡೋಣ, ಆಗದಿದ್ದರೆ ತೆಗೆಯೋಣ ಎಂದರೆ ಆ ಮಾತು ಉಳಿಸಿಕೊಳ್ಳಿ. ಉಳಿಸದಿದ್ದರೆ ಮುಂದಿನ ಯಾವುದಕ್ಕೂ ಅವರು ಒಪ್ಪುವುದಿಲ್ಲ. ನೀವು ನೂರು ಸಲ ಹೇಳಿದ್ದನ್ನು ವೈದ್ಯರು ಒಮ್ಮೆ ಹೇಳಿದಾಗ ಒಪ್ಪಿದರೆ ಬೇಸರಿಸಬೇಡಿ. ಮಕ್ಕಳ ಮಾತಿಗೆ ಮಣಿಯುವುದು ಹೆತ್ತವರಿಗೆ ನಿಜಕ್ಕೂ ಕಷ್ಟ. ಹೋಗುವ ಮುನ್ನ ವೈದ್ಯರಿಗೆ ಮೂರೇ ಸಾಲಿನ ಚೀಟಿ ಕೊಡಿ, ಏನಾಯಿತು, ಎಂದಿನಿಂದ, ನಿಮಗೆ ಯಾವುದರ ಚಿಂತೆ ಎಂದು.

ನಿಮ್ಮ ಅಣ್ಣನವರಿಗೆ ಸಲಹೆಯ ಬದಲು ಕೆಲಸ ಕೊಡಿ. ಮುಗಿಯುವ ಮುನ್ನ ಮಾತ್ರೆ ತರಿಸುವುದು, ವೈದ್ಯರ ದಿನ ಗೊತ್ತುಮಾಡುವುದು, ಬಿಲ್ಲು ಕಟ್ಟುವುದು ದೂರದಿಂದಲೇ ಆಗುತ್ತವೆ. ಅಪ್ಪನ ಜೊತೆ ವಾರಕ್ಕೆರಡು ಸಲ ಮುಖ ಕಾಣುವಂತೆ ವಿಡಿಯೊ ಕರೆಯಲ್ಲಿ ಮಾತಾಡಲಿ, ತುಟಿ ಕಂಡರೆ ಅವರಿಗೆ ಮಾತು ಹೆಚ್ಚು ತಿಳಿಯುತ್ತದೆ. ತಿಂಗಳಲ್ಲಿ ಎರಡು ದಿನ ಅವರೇ ಬಂದು ಇರಲಿ, ಇಲ್ಲವೇ ಆ ಎರಡು ದಿನಕ್ಕೆ ಸಂಬಳದ ಸಹಾಯಕರನ್ನು ಗೊತ್ತುಮಾಡಿ ಹಣ ಕೊಡಲಿ. ಆ ದಿನಗಳಲ್ಲಿ ನೀವು ಮನೆಯಿಂದ ಹೊರಗಿರಿ. ಮಾತ್ರೆಯ ಡಬ್ಬಿ ಎಲ್ಲಿದೆ, ರಾತ್ರಿಯ ದೀಪದ ಸ್ವಿಚ್ ಯಾವುದು, ಯಾವ ವೈದ್ಯರಿಗೆ ಕರೆ ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲಿಗೆ ಈ ವಾರವೇ ಅಂಟಿಸಿ.

— ಸಂಪಾದಕರು