ಸಂಕ ಎಲ್ಲಿ ಬೇಕು ಅಂತ ಹಳ್ಳದ ಆಚೆಯವರೇ ಹೇಳಬೇಕು

ಮಲೆನಾಡಿನವರಿಗೆ ಗ್ರಾಮಸಭೆ ಅಂದರೆ ಆಸಕ್ತಿ ಇಲ್ವಾ, ಜನ ಯಾಕೆ ಬರಲ್ಲ ಅಂತ ಕೇಳಿದಿರಿ. ಆಸಕ್ತಿ ಬೇಕಾದಷ್ಟಿದೆ. ನಮ್ಮ ನೆಲ ಹೇಗಿದೆ ಅಂತ ಮೊದಲು ಹೇಳುತ್ತೇನೆ.

ನಮ್ಮದು ಹೊಸನಗರ ತಾಲ್ಲೂಕಿನ ಘಟ್ಟದ ಅಂಚು. ಹುಲಿಕಲ್ ಘಾಟಿ ಇಳಿದರೆ ಉಡುಪಿ ಜಿಲ್ಲೆ. ಬಯಲುಸೀಮೆಯ ಹಾಗೆ ಇಲ್ಲಿ ಊರೆಲ್ಲ ಒಂದೇ ಕಡೆ ಸೇರಿಕೊಂಡಿಲ್ಲ. ತೋಟದ ತಲೆಗೆ ಒಂದು ಮನೆ, ಗುಡ್ಡದ ಆಚೆ ಎರಡು, ಹಳ್ಳ ದಾಟಿದರೆ ಇನ್ನೊಂದು. ಪಂಚಾಯ್ತಿ ಕಚೇರಿಗೆ ಬರೋದು ಅಂದರೆ ಕೆಲವರಿಗೆ ಅರ್ಧ ದಿನದ ಕೆಲಸ. ಮಳೆಗಾಲದಲ್ಲಿ ಸಭೆ ಇಟ್ಟರೆ ಹಳ್ಳ ದಾಟೋಕೆ ಬಿಡಲ್ಲ. ಅಡಿಕೆ ಕೊಯ್ಲಲ್ಲಿ ಇಟ್ಟರೆ ಹೆಂಗಸರು ಅಡಿಕೆ ಸುಲಿಯೋ ಮೆಟ್ಟುಗತ್ತಿ ಬಿಟ್ಟು ಏಳೋ ಹಾಗಿಲ್ಲ. ಹಾಗಾಗಿ ರಸ್ತೆ ಬದಿಯವರ ಮಾತೇ ಊರಿನ ಮಾತಾಗಿಬಿಡುತ್ತದೆ. ಒಂದು ವರ್ಷ ಹಾಜರಿ ಪುಸ್ತಕ ಮನೆಮನೆಗೆ ಬಂತು. ಸಹಿ ಹಾಕಿ, ಸಭೆ ಆಯ್ತು ಅಂದುಕೊಳ್ಳಿ ಅಂದರು. ನನಗೆ ಈಗಲೂ ಅದರ ಸಿಟ್ಟು ಹೋಗಿಲ್ಲ.

ಕಾನೂನಿನಲ್ಲಿ ದಾರಿ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆಯ ಹಾಗೆ ವಾರ್ಡ್ ಸಭೆಯೂ ಆರು ತಿಂಗಳಿಗೊಮ್ಮೆಯಾದರೂ ಆಗಬೇಕು. ನನ್ನ ಕೇಳಿದರೆ ನಮಗೆ ಅದೇ ಮುಖ್ಯ. ಮನೆ ಹತ್ತಿರದ ಶಾಲೆಯ ಜಗಲಿಯಲ್ಲಿ ನಡೆಯುತ್ತದೆ, ಹೆಂಗಸರು ಬರುತ್ತಾರೆ, ಮೈಕ್ ಇಲ್ಲದ್ದರಿಂದ ಯಾರೂ ಭಾಷಣ ಮಾಡಲ್ಲ.

ನಮ್ಮ ವಾರ್ಡಿನದೇ ಒಂದು ಸಂಗತಿ ಕೇಳಿ. ಕೆಲಸಗಳ ಪಟ್ಟಿಯಲ್ಲಿ ಕಾಂಕ್ರೀಟ್ ರಸ್ತೆ ಮೊದಲಿತ್ತು. ಹಿಂದೆ ಕೂತಿದ್ದ ಒಬ್ಬ ಅಮ್ಮ ಎದ್ದು, "ರಸ್ತೆ ಆಮೇಲೆ ಮಾಡಿ, ಮೊದಲು ಸಂಕ ಮಾಡಿ. ಆಷಾಢದಲ್ಲಿ ನಮ್ಮ ಮಕ್ಕಳು ಸೀಳಿದ ಅಡಿಕೆ ಮರದ ದಬ್ಬೆ ಮೇಲೆ ಹಳ್ಳ ದಾಟ್ತಾವೆ" ಅಂದರು. ಸಂಕ ಅಂದರೆ ಹಳ್ಳ ದಾಟೋ ಕಾಲುಸೇತುವೆ. ರಸ್ತೆ ಬೇಕು ಅಂದವರೂ ಸುಮ್ಮನಾದರು. ಆಮೇಲೆ ಶುರುವಾಯ್ತು ನಿಜವಾದ ಚರ್ಚೆ. ಶಾಲೆಗೆ ಹತ್ತಿರ ಆಗುತ್ತೆ, ಕೆಳಗೆ ಹಾಕೋಣ ಅಂತ ಸುಮಾರು ಜನ. ಒಬ್ಬ ಹಿರಿಯರು ಒಪ್ಪಲಿಲ್ಲ. ಅಲ್ಲಿ ಹಳ್ಳದ ದಡದ ದರೆ ಸಡಿಲ, ದೊಡ್ಡ ಮಳೆಗೆ ನೀರು ಎಲ್ಲಿವರೆಗೆ ಏರುತ್ತೆ ನೋಡಿ ಬನ್ನಿ ಅಂತ ಎಲ್ಲರನ್ನೂ ಹಳ್ಳಕ್ಕೇ ಕರೆದುಕೊಂಡು ಹೋದರು. ಹಾಲುವಾಣ ಮರದ ಬುಡದಲ್ಲಿ ಹಿಂದಿನ ಮಳೆಗಾಲದ ಕಸ ಕಡ್ಡಿ ಇನ್ನೂ ಸಿಕ್ಕಿಕೊಂಡಿತ್ತು, ನಮ್ಮ ಎದೆ ಮಟ್ಟಕ್ಕೆ. ಮೇಲಿನ ಜಾಗವೇ ಅಂತ ತೀರ್ಮಾನ ಆಯ್ತು. ಕೈ ಎತ್ತಿಸಿ ಲೆಕ್ಕ ಹಾಕಿದ್ದರೆ ಕೆಳಗಿನದೇ ಗೆಲ್ಲುತ್ತಿತ್ತು. ವಾಪಸ್ ಬಂದು ನಡಾವಳಿ ಗಟ್ಟಿಯಾಗಿ ಓದಿಸಿದೆವು, ಆಮೇಲೆ ಸಹಿ ಹಾಕಿದೆವು.

ಗ್ರಾಮಸಭೆಯ ಕೋರಂ, ಅಂದರೆ ಸಭೆ ನಡೆಯೋಕೆ ಕನಿಷ್ಠ ಇರಬೇಕಾದ ಜನ, ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅದು. ಕಾಡಿನ ಜಾಗದ ಹಕ್ಕು ಕೇಳಿದವರ ಅರ್ಜಿ ನೋಡುವ ಅರಣ್ಯ ಹಕ್ಕಿನ ಸಭೆಗೆ ಅಷ್ಟು ಸಾಲದು. 2006ರ ಅರಣ್ಯ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದಿದ ನಿಯಮದ ಪ್ರಕಾರ ಸದಸ್ಯರಲ್ಲಿ ಅರ್ಧ ಜನ ಇರಲೇಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಬುಡಕಟ್ಟಿನವರಲ್ಲದ ಅರ್ಜಿದಾರರು 2005ರ ಡಿಸೆಂಬರ್ 13ಕ್ಕೂ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಕಾಡನ್ನು ನಂಬಿ ಬದುಕಿದ್ದರು ಅಂತ ತೋರಿಸಬೇಕು. ಅಷ್ಟು ಹಳೇ ಕಾಗದ ಬಡವರ ಮನೆಯಲ್ಲಿ ಎಲ್ಲಿರುತ್ತದೆ? ಊರಿನ ಹಿರಿಯರು ಹೇಳಿ ಬರೆಸಿದ ಮಾತನ್ನೂ ಈ ನಿಯಮ ಸಾಕ್ಷಿಯಾಗಿ ಒಪ್ಪುತ್ತದೆ. ಆ ಮನೆಯ ಬಾವಿ ಯಾರ ಕಾಲದ್ದು, ಹಲಸಿನ ಮರ ನೆಟ್ಟವರು ಯಾರು, ಎಲ್ಲ ಅವರಿಗೆ ಗೊತ್ತು. ಅದಕ್ಕೇ ಆ ಸಭೆ ಇರುವ ದಿನ ನಮ್ಮೂರಿನ ಜೀಪುಗಳು ಬೆಳಿಗ್ಗೆಯೇ ಹೊರಡುತ್ತವೆ, ಗುಡ್ಡದ ಆಚೆಯ ಅಜ್ಜ ಅಜ್ಜಿಯರನ್ನು ಕರೆತರೋಕೆ.