ಯಾವ ಸಾಲ್ಟ್ ಕೊಟ್ಟರೂ ನನಗೆ ಅಲ್ಯೂಮಿನಿಯಂ ಕ್ಲೋರೈಡ್ ಅಂತಲೇ ಬರುತ್ತದೆ, ಯಾಕೆ?

ಸೆಕೆಂಡ್ ಪಿಯುಸಿ, ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೊಟ್ಟ ಸಾಲ್ಟ್ (ಲವಣ) ಯಾವುದು ಅಂತ ಪತ್ತೆ ಹಚ್ಚುವ ಟೆಸ್ಟುಗಳ ಪಟ್ಟಿಯೆಲ್ಲ ಬಾಯಿಪಾಠ, ಆದರೂ ಯಾವ ಬಿಳಿ ಪುಡಿ ಕೊಟ್ಟರೂ ಆಸಿಡ್ ರ್ಯಾಡಿಕಲ್ (ಸಾಲ್ಟಿನ ಋಣ ಅಯಾನು) ಕ್ಲೋರೈಡ್, ಬೇಸಿಕ್ ರ್ಯಾಡಿಕಲ್ (ಧನ ಅಯಾನು) ಅಲ್ಯೂಮಿನಿಯಂ ಅಂತ ಬರುತ್ತದೆ, ಏನಾದರೂ ಟ್ರಿಕ್ ಇದೆಯಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ, ನನ್ನ ಹಳೆಯ ರೆಕಾರ್ಡ್ ಬುಕ್ ನೆನಪಾಗಿ. ಅದರಲ್ಲೂ ಒಂದರ ಹಿಂದೆ ಒಂದು ಕ್ಲೋರೈಡ್‌ಗಳೇ ಇದ್ದವು.

ಒಂದು ದಿನ ನನಗೆ ಕೊಟ್ಟಿದ್ದು ಮೆಗ್ನೀಸಿಯಂ ಸಲ್ಫೇಟ್. ನಾನು ಧೈರ್ಯವಾಗಿ ಕ್ಲೋರೈಡ್ ಅಂತ ಬರೆದೆ. ಸಿಲ್ವರ್ ನೈಟ್ರೇಟ್ ಹಾಕಿದ ಕೂಡಲೇ ಹಾಲು ಒಡೆದ ಹಾಗೆ ಬಿಳಿ ಪ್ರೆಸಿಪಿಟೇಟ್ (ಕರಗದೆ ಬೇರೆಯಾಗುವ ಘನವಸ್ತು) ಬಂದಿತ್ತು, ಅಮೋನಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಯೂ ಇತ್ತು. ಪುಸ್ತಕದಲ್ಲಿ ಇರುವ ಹಾಗೇ! ಲ್ಯಾಬ್ ಅಟೆಂಡರ್ ಏನೂ ಮಾತಾಡದೆ ಒಂದು ಖಾಲಿ ಟೆಸ್ಟ್ ಟ್ಯೂಬ್ ತಗೊಂಡು, ನಲ್ಲಿ ನೀರು ಹಿಡಿದು, ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರು. ನೀರು ಬೆಳ್ಳಗಾಯಿತು. "ಹಂಗಾದ್ರೆ ನಲ್ಲೀನೂ ಸಾಲ್ಟೇನಾ?" ಅಂದರು.

ನಾನು ಮಾಡಿದ್ದು ಎರಡು ತಪ್ಪು. ಸಾಲ್ಟ್ ಕರಗಿಸಿದ್ದು ಬೋರ್‌ವೆಲ್ ನೀರಿನಲ್ಲಿ, ಅದರಲ್ಲೇ ಬೇಕಾದಷ್ಟು ಕ್ಲೋರೈಡ್ ಇತ್ತು. ಜೊತೆಗೆ ಡೈಲ್ಯೂಟ್ ನೈಟ್ರಿಕ್ ಆಸಿಡ್ ಹಾಕಬೇಕಾದಲ್ಲಿ ಪಕ್ಕದ ಬಾಟಲಿಯ ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದ್ದೆ. ಅಂದರೆ ಕ್ಲೋರೈಡನ್ನು ನಾನೇ ಹಾಕಿ, ನಾನೇ ಹುಡುಕಿ, ಸಿಕ್ಕಿತು ಅಂತ ಖುಷಿಪಟ್ಟಿದ್ದೆ.

ಟ್ರಿಕ್ ಅಂತ ಇದ್ದರೆ ಇದೊಂದೇ. ಟ್ಯೂಬಿನಲ್ಲಿ ಇರುವುದೆಲ್ಲ ಸಾಲ್ಟ್ ಅಲ್ಲ. ಅರ್ಧಕ್ಕರ್ಧ ನೀವೇ ಸುರಿದಿದ್ದು. ಪ್ರತಿ ಹಂತದಲ್ಲೂ "ಇಲ್ಲಿವರೆಗೆ ನಾನು ಏನೇನು ಹಾಕಿದ್ದೀನಿ?" ಅಂತ ಕೇಳಿಕೊಳ್ಳಿ.

ಹಾಗೆ ನೋಡಿದರೆ ಪಟ್ಟಿಯಲ್ಲಿರುವ ಎಷ್ಟೋ ವಿಚಿತ್ರ ಸೂಚನೆಗಳಿಗೆ ಅರ್ಥ ಸಿಗುತ್ತದೆ. ಸಿಲ್ವರ್ ನೈಟ್ರೇಟ್‌ಗೆ ಮೊದಲು ಆಸಿಡ್ ಯಾಕೆ? ಕಾರ್ಬೊನೇಟ್ ಇದ್ದರೂ ಸಿಲ್ವರ್ ಪ್ರೆಸಿಪಿಟೇಟ್ ಕೊಡುತ್ತದೆ, ಅದನ್ನು ಮೊದಲೇ ಗುಳ್ಳೆಯಾಗಿ ಓಡಿಸಬೇಕು. ನೈಟ್ರಿಕ್ ಆಸಿಡ್ಡೇ ಯಾಕೆ? ಸಿಲ್ವರ್ ನೈಟ್ರೇಟ್‌ನಲ್ಲಿ ನೈಟ್ರೇಟ್ ಹೇಗೂ ಇದೆ, ಹೊಸ ಅತಿಥಿ ಯಾರೂ ಬರುವುದಿಲ್ಲ. ಸಲ್ಫೇಟ್ ಟೆಸ್ಟ್‌ನಲ್ಲಿ ಬೇರಿಯಂ ಕ್ಲೋರೈಡ್ ಜೊತೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕುವುದೂ ಇದೇ ಲೆಕ್ಕದಲ್ಲಿ. ಅಲ್ಲಿ ಸಲ್ಫ್ಯೂರಿಕ್ ಆಸಿಡ್ ಹಾಕಿದರೆ ಮುಗೀತು, ಸಕ್ಕರೆ ಕೊಟ್ಟರೂ ಸಲ್ಫೇಟ್ ಅಂತಲೇ ಬರುತ್ತದೆ. ನೀರಿನಲ್ಲಿ ಕರಗದ ಸಾಲ್ಟನ್ನು ಸೋಡಿಯಂ ಕಾರ್ಬೊನೇಟ್ ಜೊತೆ ಕುದಿಸಿ ಎಕ್ಸ್‌ಟ್ರ್ಯಾಕ್ಟ್ ಮಾಡುತ್ತೀರಲ್ವಾ? ಅದರಲ್ಲಿ ಕಾರ್ಬೊನೇಟ್ ಹುಡುಕಬಾರದು. ಅದಕ್ಕೆ ಮೂಲ ಪುಡಿಯೇ ಬೇಕು.

ಈಗ ನಿಮ್ಮ ಅಲ್ಯೂಮಿನಿಯಂ ಕಥೆಗೆ ಬರೋಣ. ಇದು ಸ್ವಲ್ಪ ಸಾವಧಾನವಾಗಿ ಓದಿ.

ಬೇಸಿಕ್ ರ್ಯಾಡಿಕಲ್‌ಗಳನ್ನು, ಯಾವುದನ್ನು ಹಾಕಿದರೆ ಪ್ರೆಸಿಪಿಟೇಟ್ ಆಗುತ್ತವೆ ಅನ್ನುವುದರ ಮೇಲೆ, ಗ್ರೂಪುಗಳಾಗಿ ವಿಂಗಡಿಸಿ ಒಂದೊಂದಾಗಿ ಹುಡುಕುತ್ತೀರಿ. ಎರಡನೇ ಗ್ರೂಪಿನಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುವಾಗ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಬಿಡುತ್ತೀರಿ. ಆ ಗ್ಯಾಸ್ ತಯಾರಿಸುವ ಕಿಪ್ಸ್ ಅಪರೇಟಸ್‌ನ ಆ ಕೊಳೆತ ಮೊಟ್ಟೆ ವಾಸನೆ! (ಅದು ವಿಷದ ಗಾಳಿ. ಜಾಸ್ತಿ ಹೊತ್ತು ಎಳೆದುಕೊಂಡರೆ ಮೂಗಿಗೆ ವಾಸನೆಯೇ ಗೊತ್ತಾಗದಂತಾಗುತ್ತದೆ, ಕಿಟಕಿ ತೆಗೆದಿಡಿ.) ಆಸಿಡ್ ಇರುವುದರಿಂದ ಸಲ್ಫೈಡ್ ಅಯಾನು ಬಿಡುಗಡೆ ಆಗುವುದು ಚೂರೇ ಚೂರು. ಕಾಪರ್‌ಗೆ ಅಷ್ಟೇ ಸಾಕು, ಕಪ್ಪಗೆ ಕೂತುಬಿಡುತ್ತದೆ. ಜಿಂಕ್‌ಗೆ ಅದು ಸಾಲದು, ಕರಗಿಕೊಂಡೇ ಇರುತ್ತದೆ. ಇಲ್ಲಿವರೆಗೆ ಸರಿ. ಮುಂದಿನದು ಮೂರನೇ ಗ್ರೂಪ್: ಅಮೋನಿಯಂ ಕ್ಲೋರೈಡ್, ಆಮೇಲೆ ಅಮೋನಿಯಂ ಹೈಡ್ರಾಕ್ಸೈಡ್. ಇದಕ್ಕೆ ಮೊದಲು ಪುಸ್ತಕ ಒಂದು ಮಾತು ಹೇಳುತ್ತದೆ: ದ್ರಾವಣವನ್ನು ಕುದಿಸಿ ಹೈಡ್ರೋಜನ್ ಸಲ್ಫೈಡ್ ಪೂರ್ತಿ ಓಡಿಸಿ. ಟೈಮ್ ಇಲ್ಲ ಅಂತ ಎಲ್ಲರೂ ಹಾರಿಸುವುದು ಇದನ್ನೇ. ಓಡಿಸದಿದ್ದರೆ ಏನಾಗುತ್ತದೆ? ಅಮೋನಿಯಂ ಹೈಡ್ರಾಕ್ಸೈಡ್ ಬಿದ್ದ ತಕ್ಷಣ ಆಸಿಡ್ ಸತ್ತುಹೋಗುತ್ತದೆ, ಉಳಿದಿದ್ದ ಗ್ಯಾಸಿನಿಂದ ಸಲ್ಫೈಡ್ ಧಾರಾಳವಾಗಿ ಬರುತ್ತದೆ. ನಾಲ್ಕನೇ ಗ್ರೂಪಿನಲ್ಲಿ ಕೂರಬೇಕಾದ ಜಿಂಕ್ ಮೂರನೆಯದರಲ್ಲೇ ಬೆಳ್ಳಗೆ ಕೂತುಬಿಡುತ್ತದೆ. ನೀವು ಬಿಳಿ ನೋಡಿ ಅಲ್ಯೂಮಿನಿಯಂ ಅಂತ ಬರೆಯುತ್ತೀರಿ.

ನಿಮ್ಮಲ್ಲಿ ಆಗುತ್ತಿರುವುದು ಬಹುಶಃ ಇದೇ. ಟ್ಯೂಬನ್ನು ಓರೆ ಮಾಡಿ ನೋಡಿ. ನಿಜವಾದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಸಾಬೂದಾನಿ ಗಂಜಿಯ ಹಾಗೆ ಲೋಳೆ ಲೋಳೆಯಾಗಿ ತೇಲುತ್ತದೆ. ಆದರೆ ಬರೀ ಕಣ್ಣು ನಂಬಬೇಡಿ, ಲೇಕ್ ಟೆಸ್ಟ್ ಮಾಡಿ. ಆ ಪ್ರೆಸಿಪಿಟೇಟನ್ನು ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿ, ಎರಡು ಹನಿ ನೀಲಿ ಲಿಟ್ಮಸ್ ದ್ರಾವಣ ಹಾಕಿ, ಅಮೋನಿಯಂ ಹೈಡ್ರಾಕ್ಸೈಡನ್ನು ಹನಿ ಹನಿಯಾಗಿ ಬಿಡಿ. ಬಣ್ಣವಿಲ್ಲದ ನೀರಿನ ನಡುವೆ ನೀಲಿ ಮೋಡ ತೇಲಿದರೆ ಅಲ್ಯೂಮಿನಿಯಂ.

ಅಮೋನಿಯಂ ಕ್ಲೋರೈಡನ್ನು ಮೊದಲೇ ಹಾಕುವುದನ್ನು ಮರೆತರೂ ಇಂಥದೇ ಎಡವಟ್ಟು. ಅದು ಹೈಡ್ರಾಕ್ಸೈಡ್ ಅಯಾನನ್ನು ಅದುಮಿ ಹಿಡಿಯುತ್ತದೆ. ಅದಿಲ್ಲದಿದ್ದರೆ ಆರನೇ ಗ್ರೂಪಿನ ಮೆಗ್ನೀಸಿಯಂ ಕೂಡ ಮೂರರಲ್ಲೇ ಬೆಳ್ಳಗೆ ಇಳಿಯಬಹುದು.

ಇನ್ನೊಂದು ಗಮನಿಸಿದಿರಾ? ಮೂರನೇ ಗ್ರೂಪಿನ ಹೊತ್ತಿಗೆ ಟ್ಯೂಬಿನ ತುಂಬ ಅಮೋನಿಯಂ ಇದೆ. ಹಾಕಿದ್ದು ನೀವೇ. ಆದ್ದರಿಂದ ಅಮೋನಿಯಂ ಸಾಲ್ಟಾ ಅಂತ ನೋಡುವುದು ಎಲ್ಲಕ್ಕಿಂತ ಮೊದಲು. ಮೂಲ ಪುಡಿಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಬಿಸಿ ಮಾಡಿ, ಒದ್ದೆ ಕೆಂಪು ಲಿಟ್ಮಸ್ ನೀಲಿಯಾದರೆ ಗ್ರೂಪುಗಳ ತಲೆಬಿಸಿಯೇ ಇಲ್ಲ.

ಫ್ಲೇಮ್ ಟೆಸ್ಟ್‌ನಲ್ಲೂ ಅಷ್ಟೇ. ಹಳದಿ ಜ್ವಾಲೆ ಬಂದರೆ ಸೋಡಿಯಂ ಅಂತ ಹಾರಬೇಡಿ, ಅದು ನಿಮ್ಮ ಬೆರಳಿನ ಬೆವರಿನ ಉಪ್ಪೂ ಆಗಿರಬಹುದು. 1860ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್ ಮತ್ತು ಕಿರ್ಚಾಫ್ ಕೋಣೆಯ ಒಂದು ಮೂಲೆಯಲ್ಲಿ ಬರೀ 3 ಮಿಲಿಗ್ರಾಂ ಸೋಡಿಯಂ ಕ್ಲೋರೇಟ್ ಸಿಡಿಸಿದರು. ಕೆಲವೇ ನಿಮಿಷದಲ್ಲಿ ದೂರದಲ್ಲಿದ್ದ ಬರ್ನರ್ ಜ್ವಾಲೆ ಹಳದಿಯಾಯಿತು. ಸೋಡಿಯಂ ಅಷ್ಟು ಹಟಮಾರಿ. ತಂತಿಯನ್ನು ಕಾನ್ಸೆಂಟ್ರೇಟೆಡ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿ, ಸುಟ್ಟು, ಜ್ವಾಲೆಗೆ ಬಣ್ಣ ಬರುವುದು ನಿಲ್ಲುವ ತನಕ ಮಾಡಿ, ಆಮೇಲೆ ಸಾಲ್ಟ್ ಮುಟ್ಟಿಸಿ. ಕ್ಯಾಲ್ಸಿಯಂನ ಇಟ್ಟಿಗೆ ಕೆಂಪು, ಸ್ಟ್ರಾನ್ಷಿಯಂನ ಕಡುಗೆಂಪು, ಬೇರಿಯಂನ ಸೇಬಿನ ಹಸಿರು ಆಗ ನಿಜವಾಗಿ ಕಾಣುತ್ತವೆ.

ಎಲ್ಲದರಲ್ಲೂ ಕಷ್ಟವೇ ಇಲ್ಲ ಬಿಡಿ. ಲೆಡ್ ಸಿಕ್ಕರೆ ನಿಮ್ಮ ಅದೃಷ್ಟ. ಮೊದಲ ಗ್ರೂಪಿನ ಬಿಳಿ ಪ್ರೆಸಿಪಿಟೇಟ್ ಬಿಸಿ ನೀರಿನಲ್ಲಿ ಕರಗುತ್ತದೆ, ಪೊಟಾಷಿಯಂ ಅಯೊಡೈಡ್ ಹಾಕಿದರೆ ಹಳದಿ. ಅದನ್ನೂ ಬಿಸಿ ನೀರಿನಲ್ಲಿ ಕರಗಿಸಿ ಸುಮ್ನೆ ಆರಲು ಬಿಡಿ, ಚಿನ್ನದ ಚೂರು ಉದುರಿದ ಹಾಗೆ ಹೊಳೆಯುತ್ತಾ ಇಳಿಯುತ್ತದೆ. ಪರೀಕ್ಷೆ ಮರೆತು ನೋಡುತ್ತಾ ನಿಂತುಬಿಡುತ್ತೀರಿ, ಗಡಿಯಾರದ ಮೇಲೆ ಕಣ್ಣಿರಲಿ. ನೈಟ್ರೇಟ್ ಹುಡುಕುವ ಬ್ರೌನ್ ರಿಂಗ್ ಟೆಸ್ಟ್‌ಗೆ ಫೆರಸ್ ಸಲ್ಫೇಟ್ ಅವತ್ತೇ ಕರಗಿಸಿದ್ದಾಗಿರಬೇಕು, ಕಾನ್ಸೆಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡ್ ಟ್ಯೂಬಿನ ಗೋಡೆ ಹಿಡಿದು ಇಳಿಯಬೇಕು, ಅಲ್ಲಾಡಿಸಬಾರದು.

ಮುಂದಿನ ಲ್ಯಾಬ್‌ಗೆ ಹೋದಾಗ ಸಾಲ್ಟ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಎರಡು ಟ್ಯೂಬ್ ಇಡಿ, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರ್. ಎರಡಕ್ಕೂ ಡೈಲ್ಯೂಟ್ ನೈಟ್ರಿಕ್ ಆಸಿಡ್, ಸಿಲ್ವರ್ ನೈಟ್ರೇಟ್ ಹಾಕಿ. ಡಿಸ್ಟಿಲ್ಡ್ ಅಂತ ಚೀಟಿ ಅಂಟಿಸಿದ ಬಾಟಲಿಯದೂ ಬೆಳ್ಳಗಾದರೆ, ನಿಮ್ಮ ಕ್ಲೋರೈಡ್ ಎಲ್ಲಿಂದ ಬರುತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ.